ಮೊದಲ ಗಂಟೆ ನಮ್ಮದೇ



ಡಿಸೆಂಬರ್ ಸಂಚಿಕೆಯ ಈ ಪುಟದಲ್ಲಿ ವರ್ಷದ ಮಳೆ, ಕೊಳೆರೋಗ, ಧಾರಣೆ, ಸಂಘದ ವಹಿವಾಟು ಇವುಗಳ ಬಗ್ಗೆ ನಾಲ್ಕು ಮಾತು ಬರೆಯುವುದು ವಾಡಿಕೆ. ಈ ಸಲವೂ ಅದಕ್ಕೆ ವಿಷಯ ಸಾಕಷ್ಟಿದೆ. 2024-25ರಲ್ಲಿ ಕಾಫಿಗೆ ನಮ್ಮ ಹಿರಿಯರು ಕನಸಿನಲ್ಲೂ ಎಣಿಸದ ಬೆಲೆ ಬಂತು. ಅಡಿಕೆಗೆ ಹಿಡಿದ ಎಲೆಚುಕ್ಕಿ ರೋಗ ಇನ್ನೂ ಬಿಟ್ಟಿಲ್ಲ. ಆದರೆ ಆ ಲೆಕ್ಕವನ್ನೆಲ್ಲ ಇನ್ನೊಂದು ದಿನಕ್ಕೆ ಇಟ್ಟುಕೊಂಡು, ಸಂಘದ ಕಚೇರಿಯ ಮೇಜಿನ ಡ್ರಾಯರಿನಲ್ಲಿರುವ ಒಂದು ಹಳೆಯ ನೋಟುಪುಸ್ತಕವನ್ನು ಈ ಬಾರಿ ತಮ್ಮ ಮುಂದೆ ಬಿಚ್ಚಬೇಕೆಂದಿದ್ದೇವೆ. ಅದನ್ನು ಯಾವ ಲೆಕ್ಕಪರಿಶೋಧಕರೂ ನೋಡಿಲ್ಲ. ವಾರ್ಷಿಕ ವರದಿಯಲ್ಲೂ ಅದರ ಪ್ರಸ್ತಾಪವಿಲ್ಲ.

ಪುಸ್ತಕ ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಬಸ್ಸು ನಿಂತಿದ್ದವು. ಗೊಬ್ಬರ ಸಾಗಿಸಲು ಪಾಸು ಪಡೆದಿದ್ದ ಸಂಘದ ಜೀಪು ಒಂದೊಂದೇ ರೋಗಿಯನ್ನೂ ಸಾಗಿಸತೊಡಗಿತು. ಎಷ್ಟು ಮೈಲಿ ಓಡಿತು, ಡೀಸೆಲ್ ಎಷ್ಟು ಹಿಡಿಯಿತು ಎಂದು ಬರೆದಿಡಲು ಪುಸ್ತಕ ತೆರೆದೆವು. ಲಾಕ್‌ಡೌನ್ ಮುಗಿಯಿತು, ಕರೆಗಳು ಮುಗಿಯಲಿಲ್ಲ. ರಾತ್ರಿ ಎರಡು ಗಂಟೆಗೆ ಫೋನು ಬಂದರೆ ಡ್ರೈವರನ್ನು ಎಬ್ಬಿಸಿ ಕರೆಸುವಷ್ಟರಲ್ಲಿ ಹೊತ್ತು ಮೀರುತ್ತದೆಂದು ಕಾರ್ಯದರ್ಶಿಯಾದ ನಾವೇ ಸ್ಟೇರಿಂಗ್ ಹಿಡಿಯುವ ರೂಢಿಯಾಯಿತು. ನಾವು ವೈದ್ಯರಲ್ಲ, ಅಗ್ನಿಶಾಮಕ ದಳದವರೂ ಅಲ್ಲ. ಆದರೂ ಐದು ವರ್ಷಗಳಿಂದ ಈ ಸುತ್ತಿನ ಆಪತ್ತುಗಳಿಗೆ ಮೊದಲು ಓಡುವವರಲ್ಲಿ ಒಬ್ಬರಾಗಿದ್ದೇವೆ.

ಈ ವರ್ಷ ಪುಸ್ತಕದಲ್ಲಿ 14 ನಮೂದುಗಳಿವೆ. ಮರದಿಂದಲೋ ಏಣಿಯಿಂದಲೋ ಬಿದ್ದವರು ನಾಲ್ವರು. ಎದೆನೋವು ಮೂರು. ಬೈಕ್ ಅಪಘಾತ ಮೂರು. ಹಾವು ಕಡಿತ ಎರಡು. ಹೆರಿಗೆ ಒಂದು, ತಾಯಿ ಮಗು ಸುಖವಾಗಿದ್ದಾರೆ. ವಿದ್ಯುತ್ ಆಘಾತ ಒಂದು. ಆ ಕೊನೆಯ ನಮೂದಿನ ಎದುರು ಮೈಲಿಯ ಅಂಕಣ ಖಾಲಿ ಇದೆ. ಜೀಪು ಹೋಯಿತು, ಆದರೆ ಯಾರನ್ನೂ ಆಸ್ಪತ್ರೆಗೆ ಒಯ್ಯುವ ಅಗತ್ಯ ಉಳಿದಿರಲಿಲ್ಲ.

ಇವುಗಳಲ್ಲಿ ಯಾವುದೂ ಪತ್ರಿಕೆಯ ಮುಖಪುಟಕ್ಕೆ ಬರುವ ಸುದ್ದಿಯಲ್ಲ. ಮುಖಪುಟಕ್ಕೆ ಬಂದದ್ದನ್ನು ನಾವೂ ನೀವೂ ಓದಿದ್ದೇವೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದವು. ನಮ್ಮ ಹಾಗೆಯೇ ತೋಟದ ಬದುಕಿನ ಊರುಗಳು, ನಮ್ಮ ಲೈನ್ ಮನೆಗಳಂಥವೇ ಅಲ್ಲಿನ ಪಾಡಿಗಳು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಹೋಗಿ, ಕೊಚ್ಚಿಹೋದ ಸೇತುವೆಯ ಜಾಗದಲ್ಲಿ 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಗೆ ನಿಲ್ಲಿಸಿದರು. ಹಗಲು ರಾತ್ರಿ ದುಡಿದ ಅವರಿಗೆ ನಮಸ್ಕಾರ ಸಲ್ಲಬೇಕು. ಆದರೆ ಸೇತುವೆಯಾಗುವ ಮುನ್ನ, ಕತ್ತಲಲ್ಲಿ ಕೆಸರಿನಿಂದ ಕೈ ಹಿಡಿದು ಮೊದಲು ಎಳೆದವರು ಯಾರು? ಪಕ್ಕದ ಮನೆಯವರು. ಎಷ್ಟೇ ದೊಡ್ಡ ಆಪತ್ತಾಗಲಿ, ಎಷ್ಟೇ ಚಿಕ್ಕದಾಗಲಿ, ಮೊದಲ ಗಂಟೆ ನೆರೆಯವರದೇ. ಐದು ವರ್ಷದ ಪುಸ್ತಕ ನಮಗೆ ಕಲಿಸಿದ್ದು ಇದೊಂದೇ ಪಾಠ.

ಈ ಮಾತು ನಮಗೆ ತಿಳಿದದ್ದು ಪುಸ್ತಕಕ್ಕಿಂತ ಮುಂಚೆ, ಬೇರೊಬ್ಬನ ಮೈಮೇಲೆ. ಅದನ್ನು ಹೇಳದೆ ಮುಂದಿನ ಮಾತು ಆಡುವ ಹಕ್ಕು ನಮಗಿಲ್ಲ.

2019ರ ಫೆಬ್ರುವರಿ. ನಮ್ಮ ತೋಟದಲ್ಲಿ ಮೆಣಸಿನ ಕೊಯ್ಲು ನಡೆದಿತ್ತು. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿದ್ದ ಆಳು ಸಿಲ್ವರ್ ಮರಕ್ಕೆ ಆನಿಸಿದ್ದ ಒಂಟಿ ಏಣಿಯಿಂದ ಬಿದ್ದ. ಪ್ರಜ್ಞೆ ಇತ್ತು, ರಕ್ತ ಬಂದಿರಲಿಲ್ಲ. "ಸೊಂಟ ಉಳುಕಿದೆ ಅಯ್ಯಾ, ಸ್ವಲ್ಪ ಎತ್ತಿ ಕೂರಿಸಿ" ಎಂದ. ಇಬ್ಬರು ಕಂಕುಳಿಗೆ, ಒಬ್ಬ ಮಂಡಿಗೆ ಕೈಕೊಟ್ಟು ಅವನನ್ನು ಮಡಿಚಿ ಎತ್ತಿದೆವು. ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಕಲ್ಲು ರಸ್ತೆಯಲ್ಲಿ ಆದಷ್ಟು ಬೇಗ ಹೊಡೆದೆವು. ಆಸ್ಪತ್ರೆಯಲ್ಲಿ ವೈದ್ಯರು ಅವನ ಪಾದ ಗೀರಿ ನೋಡಿ, ನಮ್ಮ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು: "ಇವರನ್ನು ಹೇಗೆ ತಂದಿರಿ?"

ನಾವು ಹೇಳಿದೆವು. ಅವರು ಬೈಯಲಿಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದಾಗಲೇ ಆಯಿತೋ, ಎತ್ತಿದಾಗ ಆಯಿತೋ ಈಗ ಹೇಳಲಾಗದು ಎಂದರು. ಎತ್ತರದಿಂದ ಬಿದ್ದವನ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ನಾಲ್ಕು ಜನ ಒಟ್ಟಿಗೆ ಹಿಡಿದು ಹಲಗೆಯ ಮೇಲೆ ಮಲಗಿಸಿ ತರಬೇಕು, ಕೂರಿಸಲೇಬಾರದು ಎಂದು ಹೇಳಿಕೊಟ್ಟರು. ಹಲಗೆ! ನಮ್ಮ ಉಗ್ರಾಣದಲ್ಲಿ ಹಲಗೆಗೆ ಬರವಿತ್ತೆ? ಅವನು ಬಿದ್ದ ಜಾಗದಿಂದ ಇಪ್ಪತ್ತು ಮಾರು ದೂರದಲ್ಲಿ ಪಂಪ್‌ಹೌಸಿನ ಹಳೆಯ ಬಾಗಿಲು ಗೋಡೆಗೆ ಒರಗಿತ್ತು. ನಾವು ಬಿ.ಎಸ್ಸಿ. ಓದಿದವರು. ಕೊಳೆರೋಗದ ಶಿಲೀಂಧ್ರದ ಹೆಸರನ್ನು ಲ್ಯಾಟಿನ್ನಿನಲ್ಲಿ ಹೇಳಬಲ್ಲೆವು. ಬಿದ್ದ ಮನುಷ್ಯನನ್ನು ಎತ್ತುವುದು ಹೇಗೆಂದು ಗೊತ್ತಿರಲಿಲ್ಲ.

ಅವನು ಮತ್ತೆ ನಡೆಯಲಿಲ್ಲ. ಇಂದಿಗೂ ನಮ್ಮ ಕಣದಲ್ಲಿ ಗಾಲಿ ಕುರ್ಚಿಯಲ್ಲಿ ಕುಳಿತು ಮೆಣಸು ಹಸನು ಮಾಡಿಸುತ್ತಾನೆ, ಆಳುಗಳ ಹಾಜರಿ ಬರೆಯುತ್ತಾನೆ. ನಮ್ಮನ್ನು ಒಂದು ದಿನವೂ ದೂರಿದವನಲ್ಲ. ದೂರಿದ್ದರೆ ನಮಗೆ ಹಗುರಾಗುತ್ತಿತ್ತೇನೋ.

ಇನ್ನು ಆ ಖಾಲಿ ಅಂಕಣದ ಮಾತು. ಈ ಸುಗ್ಗಿಯ ಆರಂಭದಲ್ಲಿ ನಮ್ಮ ಸದಸ್ಯರೊಬ್ಬರ ತೋಟದಲ್ಲಿ ಕೊನೆ ತೆಗೆಯುತ್ತಿದ್ದ ಹುಡುಗನ ದೋಟಿ, ತೋಟದ ಮೇಲೆ ಹಾದುಹೋಗಿದ್ದ 11 ಕೆ.ವಿ. ತಂತಿಗೆ ತಗುಲಿತು. ಮರ ಹತ್ತುವ ಕೊನೆಗಾರರು ಸಿಗದೆ ಹೋದಮೇಲೆ ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ನಮಗೆಲ್ಲ ವರದಾನವಾಗಿ ಬಂತು. ಹಗುರ, ಬಾಗದು, ಇಡೀ ದಿನ ಹಿಡಿದರೂ ಕೈ ಸೋಲದು. ಆದರೆ ಅದು ವಿದ್ಯುತ್ತನ್ನು ಹರಿಸುತ್ತದೆ. ಅಲ್ಯೂಮಿನಿಯಂ ಏಣಿಯ ಅಪಾಯ ಎಲ್ಲರಿಗೂ ಗೊತ್ತು, ಅದು ಲೋಹವೆಂದು ಕಣ್ಣಿಗೆ ಕಾಣುತ್ತದೆ. ಇದು ಪ್ಲಾಸ್ಟಿಕ್ಕಿನಂತೆ ಕಾಣುವುದರಿಂದ ಮನುಷ್ಯ ನಂಬಿಬಿಡುತ್ತಾನೆ.

ಆ ದೋಟಿಯನ್ನು ಮಾರಿದ್ದು ಯಾರು? ನಮ್ಮ ಸಂಘದ ಮಳಿಗೆ. ಬಿಲ್ಲಿನ ಮೇಲೆ ನಮ್ಮದೇ ಸಿಬ್ಬಂದಿಯ ಸಹಿ ಇದೆ. ಕಮಿಷನ್ ಸಂಘದ ಲಾಭಕ್ಕೆ ಜಮೆಯಾಗಿದೆ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಎಂದು ಚೀಟಿಯಲ್ಲಿ ಬರೆದು ಕೊಡುವ ನಾವು, "ತಂತಿಯ ಹತ್ತಿರ ಇದನ್ನು ಎತ್ತಬೇಡಿ" ಎಂಬ ಒಂದು ಸಾಲನ್ನು ಬರೆದು ಕೊಡಲಿಲ್ಲ. ಕಾನೂನಿನ ಕಣ್ಣಿಗೆ ಅದು ತಪ್ಪೋ ಅಲ್ಲವೋ, ಸಂಘದ ಕಾರ್ಯದರ್ಶಿಯಾಗಿ ನಾವು ಅದನ್ನು ತಪ್ಪೆಂದೇ ಬರೆಯುತ್ತಿದ್ದೇವೆ. ಆ ಹುಡುಗನ ತಾಯಿಯ ಮುಂದೆ ನಿಂತಾಗ ಬೇರೆ ಯಾವ ಮಾತೂ ನಮಗೆ ತೋಚಲಿಲ್ಲ.

ಉಳಿದ ನಮೂದುಗಳಲ್ಲೂ ಹೀಗೆ ಒಂದೊಂದು ಪಾಠವಿದೆ. ಎದೆನೋವಿನ ಮೂವರಲ್ಲಿ ಇಬ್ಬರು ಉಳಿದರು. ತೀರಿಕೊಂಡವರು ನಮ್ಮ ಹಿರಿಯ ಸದಸ್ಯರು. ಸಂಜೆ ಆರಕ್ಕೆ ಶುರುವಾದ ನೋವಿಗೆ ಗ್ಯಾಸ್ ಎಂದು ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು ರಾತ್ರಿ ಹನ್ನೊಂದರವರೆಗೆ ಕಾದರು. 2025ರ ಜೂನ್-ಜುಲೈಯಲ್ಲಿ ನೆರೆಯ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಓದಿ ಊರಿಗೆ ಊರೇ ಹೆದರಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಬೆಳಗಿನಿಂದ ಸಾಲು ನಿಂತದ್ದು ನೆನಪಿರಬಹುದು. ಅಷ್ಟು ಹೆದರುವ ನಾವು, ನಿಜವಾಗಿ ನೋವು ಬಂದ ರಾತ್ರಿ ಸೋಡಾ ಕುಡಿದು ಕೂರುತ್ತೇವೆ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಆದರೆ ಆ ಮದ್ದಿನ ಗುಣ ಗಂಟೆ ಗಂಟೆಗೂ ಇಳಿಯುತ್ತದೆ. ಆಗುಂಬೆ ಘಾಟಿ ಇಳಿದು ಮಣಿಪಾಲ ಮುಟ್ಟುವುದು, ತೀರ್ಥಹಳ್ಳಿ ದಾಟಿ ಶಿವಮೊಗ್ಗ ಮುಟ್ಟುವುದು ಆಮೇಲಿನ ಮಾತು.

ಹಾವಿನ ವಿಷಯ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಈ ವರ್ಷ ನಾವು ಒಯ್ದ ಇಬ್ಬರಲ್ಲಿ ಒಬ್ಬಾಕೆಯ ಕಾಲಿಗೆ ಮನೆಯವರು ಹಗ್ಗದಿಂದ ಬಿಗಿದು ಕಟ್ಟಿದ್ದರು, ಪಾದ ಕಪ್ಪಾಗಿತ್ತು. ಬಿಗಿಯಬಾರದು, ಕೊಯ್ಯಬಾರದು, ಹೀರಬಾರದು. ಕಡಿದ ಅಂಗವನ್ನು ಅಲುಗಿಸದೆ, ನಡೆಸದೆ, ಹೆದರಿಸದೆ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ದೇಶದ ವಿಷನಿರೋಧಕ ಮದ್ದು ನಾಗರ, ಕಟ್ಟುಹಾವು ಮತ್ತು ಎರಡು ಬಗೆಯ ಮಂಡಲದ ಹಾವುಗಳ ವಿಷಕ್ಕೆ ತಯಾರಾದದ್ದು. ಕಾಫಿ ಗಿಡದ ನಡುವೆ, ದರಗಿನಲ್ಲಿ ನಮ್ಮ ಹೆಣ್ಣಾಳುಗಳ ಕೈಗೆ ಕಾಲಿಗೆ ಸಿಗುವ ಗುಳಿಮಂಡಲಗಳಿಗೆ ಅದು ಹೇಳಿ ಮಾಡಿಸಿದ್ದಲ್ಲ. ಹಾಗೆಂದು ಮನೆಯಲ್ಲಿ ಕೂರಬಾರದು. ಯಾವುದು ಕಡಿದಿದೆ, ರಕ್ತ ಹೆಪ್ಪುಗಟ್ಟುತ್ತಿದೆಯೆ ಎಂದು ನೋಡಿ ಹೇಳುವವರು ವೈದ್ಯರು. ಗಂಬೂಟು, ಟಾರ್ಚು ಕೊಡುವವರು ನಾವು.

ಬೈಕ್ ಅಪಘಾತದ ಒಂದು ದಿನ, ಬಿದ್ದವನ ಸುತ್ತ ಹತ್ತು ಜನ ನಿಂತಿದ್ದರೂ ಯಾರೂ ಮುಟ್ಟಿರಲಿಲ್ಲ. ಪೊಲೀಸ್ ಕೇಸು, ಸಾಕ್ಷಿ, ಕೋರ್ಟು ಎಂಬ ಹಳೆಯ ಹೆದರಿಕೆ. ಸುಪ್ರೀಂ ಕೋರ್ಟು 2016ರಲ್ಲೇ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ನಮ್ಮ ರಾಜ್ಯ ಅದಕ್ಕೆಂದೇ ಪ್ರತ್ಯೇಕ ಕಾಯಿದೆ ಮಾಡಿದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯಲ್ಲೂ ಅದು ಸೇರಿದೆ. ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವನನ್ನು ಆಸ್ಪತ್ರೆಯವರು ಹಿಡಿದಿಟ್ಟುಕೊಳ್ಳುವಂತಿಲ್ಲ, ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲ. ಇದನ್ನು ಮನೆಮನೆಯಲ್ಲೂ ಓದಿ ಹೇಳಬೇಕು.

ಈಗ ಕೆಲವು ಸದಸ್ಯರ ಆಕ್ಷೇಪಣೆಗೆ ಬರೋಣ. "ಇದು ಸಂಘದ ಕೆಲಸವೇ? 108 ಇದೆ, 112 ಇದೆ, ಸರ್ಕಾರ ಇದೆ. ನಾವು ಗೊಬ್ಬರ ಮಾರಿ, ಸಾಲ ಕೊಟ್ಟು, ಅಡಿಕೆ ಹರಾಜು ಮಾಡಿದರೆ ಸಾಲದೇ?" ಎಂದು ಕಳೆದ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ಅವರು ಸಂಘಕ್ಕೆ ಮೂವತ್ತು ವರ್ಷ ದುಡಿದವರು. ಅವರ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ.

108 ಸೇವೆ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಅಂದಿನಿಂದ ಅದು ಉಳಿಸಿದ ಜೀವಗಳಿಗೆ ನಾವೆಲ್ಲ ಋಣಿಗಳು. ಆದರೆ ದೂರ ದೂರವೇ. ಹೋಬಳಿಯಿಂದ ಹೊರಟ ವಾಹನ ಮೂವತ್ತು ತಿರುವು ತಿರುಗಿ, ಕಾಲುಸಂಕದ ಹತ್ತಿರ ನಿಂತು, ಆಮೇಲೆ ನಡೆದು ನಮ್ಮ ತೋಟದ ತಗ್ಗಿಗೆ ಇಳಿಯಬೇಕು. ಅದು ಅವರ ತಪ್ಪಲ್ಲ; ಮಲೆನಾಡಿನ ನೆಲವೇ ಹಾಗೆ. ಇನ್ನು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ, "ಯಾವ ಗ್ರಾಮ? ಹತ್ತಿರದ ಗುರುತು ಏನು?" ನಮ್ಮ ಲೈನ್ ಮನೆಯಲ್ಲಿರುವ ಅಸ್ಸಾಮಿನ ಹುಡುಗ ಏನು ಹೇಳಬೇಕು? ಅವನಿಗೆ ಗೊತ್ತಿರುವುದು "ಗೌಡ್ರ ತೋಟ" ಎಂಬ ಎರಡೇ ಮಾತು. ಗೌಡರ ತೋಟ ಈ ತಾಲ್ಲೂಕಿನಲ್ಲಿ ನೂರಿವೆ.

ಸರ್ಕಾರ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅದು ಎರಡನೆಯ ಗಂಟೆಯಲ್ಲೇ ಬರುತ್ತದೆ. ಮೊದಲ ಗಂಟೆಯಲ್ಲಿ ಅಲ್ಲಿರುವುದು ಮಾಲೀಕ, ಮೇಸ್ತ್ರಿ, ಜೊತೆಯ ಆಳು, ಪಕ್ಕದ ಮನೆಯ ಅತ್ತಿಗೆ. ಒಬ್ಬೊಬ್ಬರಿಂದ ಆಗದ್ದನ್ನು ಕೂಡಿ ಮಾಡುವುದಕ್ಕೇ ತಾನೆ ಸಹಕಾರ ಎನ್ನುವುದು? 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಂಘ ಕಟ್ಟಿದಾಗ, ರೈತನ ದೊಡ್ಡ ಆಪತ್ತು ಸಾಹುಕಾರನ ಬಡ್ಡಿಯಾಗಿತ್ತು. ಅದನ್ನು ಅವರು ಸರ್ಕಾರಕ್ಕೆ ಬಿಟ್ಟು ಕೂರಲಿಲ್ಲ.

ಆದ್ದರಿಂದ ಬರುವ ಜನವರಿಯ ವಿಶೇಷ ಸಭೆಯಲ್ಲಿ ನಾವು ಐದು ಸಲಹೆಗಳನ್ನು ತಮ್ಮ ಮುಂದೆ ಇಡಲಿದ್ದೇವೆ.

ಒಂದನೆಯದು, ಪ್ರತಿ ಊರಿನಿಂದ ಇಬ್ಬರು, ಒಬ್ಬ ಗಂಡಸು ಒಬ್ಬ ಹೆಂಗಸು, ಪ್ರಥಮ ಚಿಕಿತ್ಸೆ ಕಲಿಯಬೇಕು. ಬಿದ್ದವನನ್ನು ಎತ್ತುವ ರೀತಿ, ರಕ್ತ ನಿಲ್ಲಿಸುವುದು, ಉಸಿರು ನಿಂತವನ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು. ರೆಡ್‌ಕ್ರಾಸ್ ಸಂಸ್ಥೆಯವರು, ಅಗ್ನಿಶಾಮಕ ಇಲಾಖೆಯವರು ಇಂಥದನ್ನು ಕಲಿಸುತ್ತಾರೆ. ಎರಡು ದಿನದ ಕೂಲಿಯನ್ನು ಸಂಘ ಕೊಡಲಿ.

ಎರಡನೆಯದು, ಸಂಘದ ಐದು ಉಗ್ರಾಣಗಳಲ್ಲಿ ತಲಾ ಒಂದು ಸ್ಟ್ರೆಚರು, ಒಂದು ಔಷಧಿ ಪೆಟ್ಟಿಗೆ. ಬೀಗದ ಕೈ ಎಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿರಬೇಕು. ಬೀಗದ ಕೈ ಹುಡುಕುತ್ತ ಜೀವ ಹೋಗಬಾರದು.

ಮೂರನೆಯದು, ಪ್ರತಿ ತೋಟದ ಗೇಟಿಗೆ ಮತ್ತು ಲೈನ್ ಮನೆಯ ಗೋಡೆಗೆ ಒಂದು ಫಲಕ: ತೋಟದ ಹೆಸರು, ಗ್ರಾಮ, ಹೋಬಳಿ, ವಾಹನ ಬರುವ ದಾರಿಯ ಗುರುತು, ಸಿಗ್ನಲ್ ಸಿಗುವ ಜಾಗ. ಕನ್ನಡದಲ್ಲಿ ಬರೆದು, ಕೆಳಗೆ ಹಿಂದಿಯಲ್ಲೂ ಬರೆಸಬೇಕು. ಕನ್ನಡಾಭಿಮಾನಿಗಳು ಕೋಪಿಸಬಾರದು; ಅಸ್ಸಾಮಿನ ಆ ಹುಡುಗ ಕನ್ನಡ ಕಲಿಯುವವರೆಗೆ ಹಾವು ಕಾಯುವುದಿಲ್ಲ.

ನಾಲ್ಕನೆಯದು, ದೋಟಿ ಅಥವಾ ಅಲ್ಯೂಮಿನಿಯಂ ಏಣಿ ಕೊಳ್ಳುವವರು ತಮ್ಮ ತೋಟದ ಮೇಲೆ ತಂತಿ ಹಾದಿದೆಯೆ ಎಂದು ಬರೆದು ಸಹಿ ಮಾಡಬೇಕು. ತಂತಿಗೆ ದೋಟಿ ನಿಲುಕುವಷ್ಟು ಹತ್ತಿರವಿರುವ ಮರಗಳಿಗೆ ಕೆಂಪು ಬಣ್ಣದ ಪಟ್ಟಿ ಬಳಿಯಬೇಕು. ವಿದ್ಯುತ್ ಕಚೇರಿಗೆ ಮೊದಲೇ ಅರ್ಜಿ ಕೊಟ್ಟು, ಲೈನ್ ಆಫ್ ಮಾಡಿಸಿ, ಲೈನ್‌ಮನ್ ಬಂದು ಹೇಳಿದ ಮೇಲೆಯೇ ಆ ಮರಗಳ ಕೊನೆ ಇಳಿಸಬೇಕು. ಅದಾಗದಿದ್ದರೆ ಆ ಗೊನೆ ಮರದಲ್ಲೇ ಉದುರಲಿ. ಒಂದು ಗೊನೆಯ ಬೆಲೆ ಎಷ್ಟೆಂದು ನಮಗೆ ಗೊತ್ತು. ಮಗನ ಬೆಲೆ ಆ ತಾಯಿಗೆ ಗೊತ್ತು.

ಐದನೆಯದು, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರೆಗಿನ, ಬ್ಯಾಂಕ್ ಖಾತೆ ಇರುವ ಯಾರು ಬೇಕಾದರೂ ಸೇರಬಹುದು. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ ರೂಪಾಯಿ. ಜೂನ್ 1ರಿಂದ ಮೇ 31ರವರೆಗೆ ಅದರ ವರ್ಷ. ನಮ್ಮ ಕಣದಲ್ಲಿ ಕುಳಿತಿರುವವನಿಗೆ ಆ 20 ರೂಪಾಯಿಯ ವಿಮೆ ಇರಲಿಲ್ಲ. ಆಗ ಕಂತು ಬರೇ 12 ರೂಪಾಯಿ ಇತ್ತು. ಅವನ ಹೆಸರು ಬರೆಸಬೇಕೆಂದು ನಮಗೆ ಹೊಳೆದಿರಲಿಲ್ಲ. ತಮ್ಮ ತೋಟಕ್ಕೆ ಬರುವ ಪ್ರತಿಯೊಬ್ಬರೂ ಸೇರಿದ್ದಾರೆಯೆ ಎಂದು ಈ ವಾರವೇ ವಿಚಾರಿಸಿ. ಇದೇ ಸಾಕೆಂದಲ್ಲ, ಇಷ್ಟಾದರೂ ಇರಲಿ.

ಇವೆಲ್ಲಕ್ಕೂ ಪ್ರತಿ ಸದಸ್ಯರಿಂದ ವರ್ಷಕ್ಕೆ 200 ರೂಪಾಯಿ ಕೇಳುತ್ತಿದ್ದೇವೆ. ಉಳಿದದ್ದನ್ನು ಸಂಘ ತನ್ನ ಲಾಭದಿಂದ ಭರಿಸಲಿ. ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ ಇದನ್ನು ಕೇಳಲು ನಮಗೆ ನಾಲಿಗೆ ಏಳುತ್ತಿರಲಿಲ್ಲ. ಬೆಲೆ ಬಂದ ಈ ವರ್ಷಗಳಲ್ಲಿ ಹೊಸ ಕಾರುಗಳು ಬಂದಿವೆ, ಕಣಗಳಿಗೆ ಕಾಂಕ್ರೀಟ್ ಬಿದ್ದಿದೆ, ಮದುವೆಯ ಚಪ್ಪರಗಳು ದೊಡ್ಡದಾಗಿವೆ. ಬೇಡವೆನ್ನುವುದಿಲ್ಲ, ಕಷ್ಟಪಟ್ಟವರು ಸುಖಪಡಲಿ. ಆದರೆ ಆ ಬೆಲೆಯನ್ನು ಮರದ ತುದಿಯಿಂದ ನೆಲಕ್ಕೆ ಇಳಿಸಿದವರು ಬಿದ್ದಾಗ ಮಲಗಿಸಲು ಒಂದು ಹಲಗೆಯಾದರೂ ಸಿದ್ಧವಿರಬೇಡವೆ?

ಸಭೆಯಲ್ಲಿ ಈ ಸಲಹೆಗಳು ಬಿದ್ದುಹೋದರೂ ನಾವು ಬೇಸರಿಸುವುದಿಲ್ಲ. ಮುಂದಿನ ವರ್ಷ ಮತ್ತೆ ತರುತ್ತೇವೆ. ಆದರೆ ದೋಟಿಯ ಚೀಟಿಗೆ ಯಾರ ಒಪ್ಪಿಗೆಗೂ ಕಾಯುವುದಿಲ್ಲ. ನಾಳೆಯಿಂದಲೇ ಮಳಿಗೆಯಲ್ಲಿ ಅದು ಜಾರಿಗೆ ಬರುತ್ತದೆ. ಸುಗ್ಗಿ ಇನ್ನೂ ಮುಗಿದಿಲ್ಲ. ಅಡಿಕೆ ಕೊನೆ ಬಾಕಿ ಇದೆ, ರೊಬಸ್ಟಾ ಮುಂದಿದೆ, ಅದರ ಹಿಂದೆಯೇ ಮೆಣಸು. ಏಣಿಗಳೆಲ್ಲ ಹೊರಗೆ ಬರುವ ಕಾಲ.

ಸಭೆಗೆ ತಪ್ಪದೆ ಬನ್ನಿ. ಬರುವಾಗ ತಮ್ಮ ಮೇಸ್ತ್ರಿಯನ್ನೂ ಜೊತೆಗೆ ಕರೆತನ್ನಿ. ಅವರಿಗೆ ಮತವಿಲ್ಲ, ಆದರೆ ಮೊದಲ ಗಂಟೆಯಲ್ಲಿ ಅಲ್ಲಿರುವವರು ಅವರೇ.

ಹೊಸ ವರ್ಷ ತಮಗೂ ತಮ್ಮ ತೋಟದಲ್ಲಿ ದುಡಿಯುವ ಎಲ್ಲರಿಗೂ ಕ್ಷೇಮವನ್ನು ತರಲಿ. ಜೀಪಿನ ಪುಸ್ತಕದಲ್ಲಿ ಹಾಳೆಗಳು ಇನ್ನೂ ಇವೆ. ಅವು ಖಾಲಿಯೇ ಉಳಿಯಲೆಂದು ಹಾರೈಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ